ಯಾರು ಯಾವ ಹಾಡು ಕೇಳಿದರು

ಐರೋಲಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಕ್ಕದ ಮೇಜಿನ ಗೆಳತಿಯೊಬ್ಬಳು ನನಗೊಂದು ಜಾಲತಾಣ ತೋರಿಸಿದಳು. ನಮ್ಮ ಕಂಪ್ಯೂಟರಿನಲ್ಲಿ ಯಾವ ಹಾಡು ಹಾಕಿದರೂ ಅದರ ಹೆಸರು, ಹಾಡಿದವರ ಹೆಸರು, ಕೇಳಿದ ಹೊತ್ತು ಎಲ್ಲವೂ ತಾನಾಗಿ ಆ ತಾಣಕ್ಕೆ ಹೋಗಿ ಸೇರುತ್ತಿತ್ತು. ವಾರ ಮುಗಿದ ಮೇಲೆ ಅದು ನಮ್ಮ ಪಟ್ಟಿಯನ್ನು ನಮಗೇ ತೋರಿಸುತ್ತಿತ್ತು. ಈ ವಾರ ನೀವು ಹೆಚ್ಚು ಕೇಳಿದ್ದು ಇದನ್ನು, ಆಮೇಲೆ ಇದನ್ನು, ಹೀಗೆ. ಅದರಿಂದ ಯಾರಿಗೂ ಏನೂ ಪ್ರಯೋಜನವಿರಲಿಲ್ಲ. ಆದರೆ ಮೊದಲ ವಾರದ ಪಟ್ಟಿ ಬಂದಾಗ ನಾನು ಅದನ್ನು ಪರೀಕ್ಷೆಯ ಫಲಿತಾಂಶ ನೋಡಿದ ಹಾಗೆ ನೋಡಿದೆ. ನಾನು ಗಝಲ್ ಕೇಳುವವಳು ಎಂದು ನನ್ನ ಬಗ್ಗೆ ನನಗೊಂದು ಅಭಿಪ್ರಾಯವಿತ್ತು. ಪಟ್ಟಿಯಲ್ಲಿ ಗಝಲ್ ಎಲ್ಲೋ ತಳದಲ್ಲಿತ್ತು. ಮೇಲಿದ್ದದ್ದೆಲ್ಲ ಮದುವೆ ಮನೆಯಲ್ಲಿ ಕುಣಿಯುವ ಪಂಜಾಬಿ ಹಾಡುಗಳು.

ಆಗ ಮದುವೆಯಾಗಿ ಡೊಂಬಿವಲಿಗೆ ಬಂದು ಸ್ವಲ್ಪವೇ ಸಮಯವಾಗಿತ್ತು. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಯವರೆಗಿನ ಲೋಕಲ್ ರೈಲುಗಾಡಿಯಲ್ಲಿ ಉಸಿರಾಡಲು ಜಾಗ ಸಿಕ್ಕಿದರೆ ಪುಣ್ಯ, ಹಾಡಿನ ಮಾತೇ ಇಲ್ಲ. ಠಾಣೆಯಲ್ಲಿ ಇಳಿದು ವಾಶಿಯ ಗಾಡಿ ಹತ್ತಿದ ಮೇಲೆಯೇ ಕಿವಿಗೆ ಇಯರ್‌ಫೋನ್. ಐರೋಲಿ ಮುಂದಿನ ಸ್ಟೇಷನ್ನೇ, ಎರಡು ಹಾಡು ಮುಗಿಯುವಷ್ಟರಲ್ಲಿ ಇಳಿಯಬೇಕು. ಹಾಗಾಗಿ ಯಾವ ಎರಡು ಎಂಬುದು ನನ್ನ ದಿನದ ಮೊದಲ ದೊಡ್ಡ ತೀರ್ಮಾನವಾಗಿರುತ್ತಿತ್ತು. ಆಫೀಸಿಗೆ ಹೋಗಿ ಹಾಡು ಕೇಳುವ ಆ ಪುಟ್ಟ ಪ್ಲೇಯರನ್ನು ಕಂಪ್ಯೂಟರಿಗೆ ಚುಚ್ಚಿದ ಕೂಡಲೇ ಆ ಎರಡೂ ಲೆಕ್ಕಕ್ಕೆ ಸೇರಿಕೊಳ್ಳುತ್ತಿದ್ದವು. ಆಮೇಲೆಯೇ ಟೀ.

ನನ್ನ ಗಂಡ ಧಾರವಾಡದವರು, ಠಾಣೆಯ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಈ ವ್ಯವಹಾರವನ್ನು ಅವರು ಮೊದಲಿನಿಂದಲೂ ಅನುಮಾನದಿಂದಲೇ ನೋಡಿದವರು.

"ನೀ ಕೇಳಿದ ಹಾಡು ನಿನಗ ಗೊತ್ತಿರೂದಿಲ್ಲೇನು? ಮತ್ತ ಯಾರೋ ಬರದಿಟ್ಟು ನಿನಗ ತಿಳಿಸಿ ಹೇಳ್ಬೇಕೇನು?" ಎಂದು ಕೇಳಿದರು.

"ಮರೆತುಹೋಗ್ತದಲ್ವಾ," ಅಂದೆ.

"ಮರತರ ಮರೀಲಿ ಬಿಡು," ಅಂದರು.

ಮೂರ್ನಾಲ್ಕು ವರ್ಷ ಹೀಗೇ ನಡೆಯಿತು. ನಡುವೆ ಮಗಳು ಹುಟ್ಟಿದಳು. ಆ ವರ್ಷದ ನನ್ನ ಪಟ್ಟಿ ತುಂಬ ಮಕ್ಕಳ ಮರಾಠಿ ಹಾಡುಗಳೇ. ಆಮೇಲೊಂದು ದಿನ ಆ ತಾಣ ನಡೆಸುತ್ತಿದ್ದವರಿಂದ ಸೂಚನೆ ಬಂತು. ಅದನ್ನು ನಡೆಸುತ್ತಿದ್ದದ್ದು ಯಾವುದೋ ದೂರದೇಶದ ಇಬ್ಬರು ಗೆಳೆಯರಂತೆ. ನಮ್ಮಿಂದ ಇನ್ನು ಆಗುವುದಿಲ್ಲ, ತಾಣ ಮುಚ್ಚುತ್ತಿದ್ದೇವೆ, ನಿಮ್ಮ ನಿಮ್ಮ ಪಟ್ಟಿಯನ್ನು ಇಳಿಸಿಕೊಳ್ಳಿ ಎಂದು ಸೌಜನ್ಯದಿಂದಲೇ ಬರೆದಿದ್ದರು. ನಾನು ಇಳಿಸಿಕೊಂಡೆ. ಅಷ್ಟೂ ವರ್ಷಗಳ ಹಾಡುಗಳು ಒಂದೇ ಕಡತದಲ್ಲಿ ಬಂದವು, ತೀರಾ ಹಗುರವಾದ ಕಡತ.

ಅದನ್ನು ಇಟ್ಟುಕೊಂಡು ಏನು ಮಾಡುವುದು? ಬೇರೆ ತಾಣಗಳೂ ಇದ್ದವು. ಆದರೆ ಅವೂ ಯಾವತ್ತೋ ಮುಚ್ಚಬಹುದು, ಇಲ್ಲವೇ ನಾನು ಕೇಳಿದ್ದನ್ನು ಯಾರಿಗೋ ಮಾರಬಹುದು. ಆಫೀಸಿನಲ್ಲಿ ನನ್ನ ಕೆಲಸವೇ ಸರ್ವರುಗಳನ್ನು ನೋಡಿಕೊಳ್ಳುವುದು. ಊರವರ ಕಂಪ್ಯೂಟರುಗಳನ್ನೆಲ್ಲ ಕಾಯುವವಳು ನನ್ನದೊಂದನ್ನು ಮನೆಯಲ್ಲಿ ಕಾಯಲಾರೆನೇ ಎಂಬ ಹಮ್ಮು ಬಂತು. ನನ್ನ ಹಾಡಿನ ಲೆಕ್ಕ ನನ್ನ ಮನೆಯಲ್ಲೇ ಇರಲಿ ಎಂದು ತೀರ್ಮಾನಿಸಿದೆ.

ಗೆಳತಿಯ ಮನೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಹಳೆಯ ಕಂಪ್ಯೂಟರೊಂದು ರಿಕ್ಷಾದಲ್ಲಿ ನಮ್ಮ ಮನೆಗೆ ಬಂತು. ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಸಿಕ್ಕಿದ ಜಾಗ ಬಾಗಿಲ ಪಕ್ಕದ ಚಪ್ಪಲಿ ಕಪಾಟಿನ ಮೇಲೆ. ಭಾನುವಾರ, ರಜೆ, ಮಗಳು ಮಲಗಿದ ಮಧ್ಯಾಹ್ನ ಎಂದು ಹೊತ್ತು ಸಿಕ್ಕಿದಾಗಲೆಲ್ಲ ಅದರ ಮುಂದೆ ಕೂತು, ಹಾಡಿನ ಹೆಸರುಗಳನ್ನು ಹಿಡಿದಿಡುವ ಒಂದು ಪ್ರೋಗ್ರಾಮು ಬರೆದೆ. ಬೇರೆಯವರು ಬರೆದು ಹಂಚಿದ್ದ ತುಂಡುಗಳನ್ನೂ ಸೇರಿಸಿಕೊಂಡೆ. ಹಳೆಯ ಕಡತವನ್ನು ಅದಕ್ಕೆ ತುಂಬಿದೆ. ಒಂದು ಸಂಜೆ ಅಡುಗೆಮನೆಯಲ್ಲಿ ಫೋನಿನಿಂದ ಒಂದು ಹಾಡು ಹಾಕಿ ಓಡಿಬಂದು ನೋಡಿದರೆ, ಚಪ್ಪಲಿ ಕಪಾಟಿನ ಮೇಲಿನ ಪರದೆಯಲ್ಲಿ ಅದರ ಹೆಸರು ಬಂದು ಕೂತಿತ್ತು. ಅವತ್ತಿನ ಸಂತೋಷ ಆಫೀಸಿನ ಯಾವ ಬಡ್ತಿಯಲ್ಲೂ ನನಗೆ ಸಿಕ್ಕಿದ್ದಿಲ್ಲ.

ಸಂತೋಷ ಬಹಳ ದಿನ ಬಾಳಲಿಲ್ಲ. ಡೊಂಬಿವಲಿಯಲ್ಲಿ ಆಗ ದಿನವೂ ಲೋಡ್‌ಶೆಡ್ಡಿಂಗ್. ಕರೆಂಟು ಹೋದ ಕೂಡಲೇ ನನ್ನ ಸರ್ವರು ಸತ್ತುಹೋಗುತ್ತಿತ್ತು. ಬಂದ ಮೇಲೂ ನಾನೇ ಹೋಗಿ ಗುಂಡಿ ಒತ್ತಿ ಎಬ್ಬಿಸಬೇಕು. ಮನೆಯ ಇನ್ವರ್ಟರಿನಲ್ಲಿ ಎರಡು ಫ್ಯಾನು, ಒಂದು ಟ್ಯೂಬ್‌ಲೈಟು ಓಡುತ್ತಿದ್ದವು. ಅದಕ್ಕೆ ಸರ್ವರನ್ನೂ ಸೇರಿಸಿದರೆ ಒಂದು ಫ್ಯಾನು ಬಿಟ್ಟುಕೊಡಬೇಕಿತ್ತು. ಮೇ ತಿಂಗಳಿನಲ್ಲಿ ನಾನು ಈ ಮಾತೆತ್ತಿದಾಗ ಗಂಡ ನನ್ನ ಮುಖವನ್ನೇ ನೋಡಿದರು.

"ನಾವು ಬೆವರಸ್ಕೋತ ಕೂಡೂದು, ಅದು ಗಾಳಿ ತೊಗೊಳ್ಳೂದು. ಹಿಂಗೇನು?"

"ಅದು ಗಾಳಿ ತಗೊಳ್ಳೂದಿಲ್ಲ, ಕರೆಂಟು ತಗೊಳ್ತದೆ."

"ಎಲ್ಲಾ ಒಂದ," ಅಂದರು. ಫ್ಯಾನು ಉಳಿಯಿತು.

ಇನ್ನೊಂದು ಗೋಳು ಇಂಟರ್ನೆಟ್ಟಿನದು. ಮನೆಯ ಹೊರಗಿದ್ದಾಗಲೂ ನನ್ನ ಫೋನು ಮನೆಯ ಯಂತ್ರಕ್ಕೆ ಹಾಡಿನ ಹೆಸರು ಕಳಿಸಬೇಕಾದರೆ ಮನೆಯ ಕನೆಕ್ಷನ್ನಿಗೆ ಬದಲಾಗದ ವಿಳಾಸವೊಂದು ಬೇಕಿತ್ತು. ನಮ್ಮ ಗಲ್ಲಿಯ ಕೇಬಲ್‌ನವನನ್ನು ಕೇಳಿದೆ. ಅಂಥ ವಿಳಾಸವನ್ನು ಅವನು ಅಂಗಡಿಗಳಿಗೆ ಮಾತ್ರ ಕೊಡುತ್ತಿದ್ದನಂತೆ. "ಮ್ಯಾಡಮ್, ಘರ್ ಮೇ ದುಕಾನ್ ಖೋಲಾ ಕ್ಯಾ?" ಎಂದು ಕೇಳಿ ಒಳಗೆ ಇಣುಕಿ ನೋಡಿದ. ಕಪಾಟಿನ ಮೇಲಿನ ಕಂಪ್ಯೂಟರು, ಕೆಳಗಿನ ಚಪ್ಪಲಿಗಳು. ಹಾಡಿನ ಸಲುವಾಗಿ ಎಂದು ವಿವರಿಸಿದೆ. ಅವನಿಗೆ ನಂಬಿಕೆ ಬರಲಿಲ್ಲ, ಆದರೆ ವಿಳಾಸ ಕೊಟ್ಟ. ಅವತ್ತಿನಿಂದ ಅವನ ಬಾಯಲ್ಲಿ ನಾನು "ದುಕಾನ್‌ವಾಲಿ ಮ್ಯಾಡಮ್".

ಕೆಲವು ವರ್ಷಗಳ ಮೇಲೆ ಲೋಡ್‌ಶೆಡ್ಡಿಂಗ್ ಕಡಿಮೆಯಾಯಿತು, ಅಂಗೈಯಷ್ಟು ಪುಟ್ಟ ಕಂಪ್ಯೂಟರುಗಳೂ ಬಂದವು. ಹಳೆಯ ಡಬ್ಬ ಗುಜರಿ ಕೊಳ್ಳುವ ಭಂಗಾರ್‌ನವನ ಕೈಗಾಡಿ ಹತ್ತಿತು. ಹೊಸದು ಸಾಬೂನಿನ ಪೆಟ್ಟಿಗೆಯಷ್ಟಿತ್ತು, ಒಂದು ಫೋನಿನ ಚಾರ್ಜರಿನಲ್ಲಿ ಓಡುತ್ತಿತ್ತು. ಟಿವಿಯ ಹಿಂದೆ ಅಂಟಿಸಿಟ್ಟೆ. ಪಟ್ಟಿ ನೋಡಲು ಹಳೆಯ ಟ್ಯಾಬ್ ಒಂದನ್ನು ಹಾಲ್‌ನ ಶೋಕೇಸಿನಲ್ಲಿ ನಿಲ್ಲಿಸಿದೆ. ಗಂಡ, ಮಗಳು, ನಾನು, ಮೂವರ ಹಾಡುಗಳೂ ಅದರಲ್ಲಿ ಒಟ್ಟಿಗೆ ಕಾಣುತ್ತಿದ್ದವು. ಹಾಗೆಂದು ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ.

ಆಮೇಲೆ ಅಪ್ಪ ಬಂದರು.

ಅಪ್ಪ ಉಡುಪಿಯ ಕಡೆಯವರು. ಕಲ್ಯಾಣ್ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಶಾಕಾಹಾರಿ ಹೋಟೆಲು ನಡೆಸಿದವರು. ಮೊಣಕಾಲು ಕೈಕೊಟ್ಟ ಮೇಲೆ ಹೋಟೆಲನ್ನು ಊರಿನವರೊಬ್ಬರಿಗೆ ಬಿಟ್ಟುಕೊಟ್ಟರು. ಅದೇ ಸುಮಾರಿಗೆ ಖಾರ್‌ಘರ್‌ನಲ್ಲಿರುವ ನನ್ನ ತಮ್ಮನಿಗೆ ಮಗು ಹುಟ್ಟಿತು. ತಮ್ಮ, ಅವನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗುವನ್ನು ನೋಡಿಕೊಳ್ಳಲು ಅಮ್ಮ ಖಾರ್‌ಘರ್‌ಗೆ ಹೋಗಬೇಕಾಯಿತು. ತಮ್ಮನದೂ ಪುಟ್ಟ ಮನೆ, ಅಪ್ಪನ ಡಾಕ್ಟರು ಬೇರೆ ಡೊಂಬಿವಲಿಯಲ್ಲೇ. ಹಾಗಾಗಿ ಅಪ್ಪ ನಮ್ಮಲ್ಲಿಗೆ ಬಂದರು. ಸ್ವಲ್ಪ ಸಮಯದ ಮಟ್ಟಿಗೆ ಎಂದು ಎಲ್ಲರೂ ಹೇಳಿಕೊಂಡೆವು. ಮದುವೆಯಾದ ಮೇಲೆ ಅಪ್ಪ ಅಮ್ಮ ಇಷ್ಟು ಕಾಲ ಬೇರೆ ಬೇರೆ ಮನೆಯಲ್ಲಿ ಇದ್ದದ್ದು ಅದೇ ಮೊದಲು.

ದಿನವಿಡೀ ಜನರ ನಡುವೆ ಇದ್ದು ಅಭ್ಯಾಸವಾದವರಿಗೆ ನಮ್ಮ ಹಾಲ್ ಸಾಲಲಿಲ್ಲ. ಪೇಪರು ಓದಿ ಮುಗಿಯುತ್ತಿತ್ತು, ಕೆಳಗೆ ಇಳಿದು ವಾಚ್‌ಮನ್ ಹತ್ತಿರ ಮಾತಾಡಿ ಮುಗಿಯುತ್ತಿತ್ತು, ಇನ್ನೂ ಹತ್ತು ಗಂಟೆ ಕೂಡ ಆಗಿರುತ್ತಿರಲಿಲ್ಲ. ಒಂದು ದಿನ ಶೋಕೇಸಿನ ಟ್ಯಾಬ್ ಅವರ ಕಣ್ಣಿಗೆ ಬಿತ್ತು.

"ಇದೆಂತ ಮಗಾ, ಸಣ್ಣ ಟಿವಿಯಾ?"

"ಅಲ್ಲಪ್ಪ. ಮನೆಯಲ್ಲಿ ಯಾರು ಯಾವ ಹಾಡು ಕೇಳಿದ್ರು ಅಂತ ಇದ್ರಲ್ಲಿ ಬರ್ತದೆ."

ಕನ್ನಡಕ ಏರಿಸಿ ನಿಧಾನ ಓದಿದರು. "ಓ. ಯಾವ ಐಟಂ ಎಷ್ಟು ಹೋಯ್ತು ಅಂತ."

"ಹ್ಞಾ, ಹೆಚ್ಚುಕಮ್ಮಿ ಹಾಗೆಯೇ."

"ಇದ್ರಲ್ಲಿ ನನ್ನದು ಯಾಕೆ ಇಲ್ಲ?"

ಅವರ ಫೋನಿಗೂ ಹಾಡು ತುಂಬಿಸಿ, ಅವರ ಹೆಸರನ್ನೂ ಸೇರಿಸಿದೆ. ಅಪ್ಪನಿಗೆ ಬೇಕಾಗಿದ್ದದ್ದು ಯಕ್ಷಗಾನ, ಅದೂ ಇಡೀ ಪ್ರಸಂಗ. ಮೊದಲ ವಾರ ಕಳೆಯಿತು. ಪಟ್ಟಿಯಲ್ಲಿ ಮಗಳು ಎಲ್ಲೋ ಮೇಲೆ, ಅಪ್ಪ ಎಲ್ಲರಿಗಿಂತ ಕೆಳಗೆ. ಮಗಳು ಆಗ ಐದನೆಯದೋ ಆರನೆಯದೋ ಕ್ಲಾಸು. ಅವಳು ಹೋಮ್‌ವರ್ಕ್ ಮಾಡುತ್ತ ಕೇಳುತ್ತಿದ್ದದ್ದು ಮೂರು ನಿಮಿಷದ ಹಿಂದಿ, ಮರಾಠಿ ಸಿನಿಮಾ ಹಾಡುಗಳು. ಅಪ್ಪನ ಒಂದು ಪ್ರಸಂಗವೆಂದರೆ ಮಧ್ಯಾಹ್ನವೆಲ್ಲ ಬೇಕು. ನನ್ನ ಯಂತ್ರಕ್ಕೆ ಅದೂ ಒಂದೇ, ಇದೂ ಒಂದೇ.

ಅಪ್ಪ ಇದನ್ನು ಒಪ್ಪಲಿಲ್ಲ. "ಇದೆಂತ ನ್ಯಾಯ? ಒಬ್ಬ ಫುಲ್ ಊಟ ಮಾಡಿದ್ದಾನೆ, ಒಬ್ಬ ಕಟಿಂಗ್ ಚಾ ಕುಡಿದು ಹೋಗಿದ್ದಾನೆ. ಎರಡಕ್ಕೂ ಒಂದೇ ಗೀಟು ಹಾಕಿದ್ರೆ ಹೇಗೆ?"

ಮಾತಿನಲ್ಲಿ ಅರ್ಥವಿತ್ತು. ಒಂದು ಭಾನುವಾರ ಕೂತು, ಹಾಡುಗಳ ಬದಲು ಕೇಳಿದ ನಿಮಿಷಗಳನ್ನು ಲೆಕ್ಕ ಹಾಕುವ ಹಾಗೆ ಪ್ರೋಗ್ರಾಮನ್ನು ಬದಲಿಸಿದೆ. ಮುಂದಿನ ವಾರ ಅಪ್ಪ ಒಂದೇ ಜಿಗಿತಕ್ಕೆ ಮೊದಲ ಸ್ಥಾನಕ್ಕೆ ಹೋದರು. ಊಟ ಮುಗಿಸಿ ಪ್ರಸಂಗ ಹಾಕಿ, ಚಂಡೆ ಶುರುವಾಗುವ ಮೊದಲೇ ದಿವಾನಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ರಾಕ್ಷಸ ಬಂದು ಅಬ್ಬರಿಸಿ, ಯುದ್ಧವಾಗಿ, ಸತ್ತು ಮಂಗಳ ಹಾಡಿದರೂ ಅವರಿಗೆ ಎಚ್ಚರವಿಲ್ಲ. ಮಗಳು ಶಾಲೆಯಿಂದ ಬಂದು ಇದನ್ನು ಕಂಡುಹಿಡಿದಳು.

"ಅಜ್ಜಾ, ಯೇ ಚೀಟಿಂಗ್ ಹೈ. ಆಪ್ ತೋ ಸೋ ರಹೇ ಥೇ."

"ಕಣ್ಣು ಮುಚ್ಚಿದ್ದೆ. ಕಿವಿ ಮುಚ್ಚಿರ್ಲಿಲ್ಲ," ಅಂದರು ಅಪ್ಪ.

ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಅಪ್ಪನದು ಕನ್ನಡ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಗಂಟೆಗಟ್ಟಲೆ ಜಗಳವಾಡುತ್ತಿದ್ದರು. ಮೊದಲು ಅಪ್ಪ ಬಂದರೆ ಹಲೋ ಹೇಳಿ ಕೋಣೆ ಸೇರುತ್ತಿದ್ದ ಹುಡುಗಿ ಈಗ ಬ್ಯಾಗು ಕೂಡ ಇಳಿಸದೆ ಟ್ಯಾಬಿನ ಮುಂದೆ ನಿಲ್ಲುತ್ತಿದ್ದಳು. ಗಂಡನಿಗೂ ರುಚಿ ಹತ್ತಿತು. ಇಷ್ಟು ವರ್ಷ ನನ್ನನ್ನು ಗೇಲಿ ಮಾಡಿದವರು, ಆಫೀಸಿನಿಂದ ಫೋನು ಮಾಡಿ "ಇವತ್ತ ಯಾರು ಮುಂದದಾರ?" ಎಂದು ಕೇಳಲಾರಂಭಿಸಿದರು.

ಒಂದು ದಿನ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಅಮ್ಮನದ್ದೂ ಇದ್ರಲ್ಲಿ ಬರುವ ಹಾಗೆ ಮಾಡ್ಲಿಕ್ಕೆ ಆಗ್ತದಾ? ಅಷ್ಟು ದೂರದಿಂದ?"

"ಆಗ್ತದೆ. ಯಾಕೆ?"

"ನಮ್ಮ ಸೈಡಿಗೆ ಇನ್ನೊಂದು ಜನ ಆಗ್ತದೆ ಅಂತ."

ಖಾರ್‌ಘರ್‌ಗೆ ಫೋನು ಮಾಡಿ ಅಮ್ಮನನ್ನು ಕೇಳಿದೆವು. ಹಿನ್ನೆಲೆಯಲ್ಲಿ ಮಗು ಒಂದೇ ಸಮ ಅಳುತ್ತಿತ್ತು. "ಹ್ಞಾ, ಹಾಕಿ, ಎಂತ ಬೇಕಾದ್ರೂ ಹಾಕಿ," ಎಂದು ಅಮ್ಮ ಫೋನಿಟ್ಟಳು. ಅದನ್ನೇ ನಾವು ಒಪ್ಪಿಗೆ ಅಂದುಕೊಂಡೆವು. ತಮ್ಮನ ಹೆಂಡತಿ ಅಮ್ಮನ ಫೋನಿಗೆ ಹಾಡುಗಳನ್ನು ತುಂಬಿಸಿ, ನಾನು ಕಳಿಸಿದ ಆ್ಯಪನ್ನೂ ಹಾಕಿಕೊಟ್ಟಳು. ಎರಡು ದಿನದಲ್ಲಿ ಟ್ಯಾಬಿನಲ್ಲಿ ಅಮ್ಮನ ಹೆಸರು ಬಂತು, ಪಕ್ಕದಲ್ಲಿ ಒಂದು ಮರಾಠಿ ಅಭಂಗ.

ಅವತ್ತಿನಿಂದ ಅಪ್ಪನ ಕುರ್ಚಿ ಶೋಕೇಸಿನ ಹತ್ತಿರಕ್ಕೆ ಸರಿಯಿತು. ಸ್ಪರ್ಧೆ ಅಷ್ಟಕ್ಕಷ್ಟೇ. ಅವರು ನೋಡುತ್ತಿದ್ದದ್ದು ಅಮ್ಮನ ಸಾಲನ್ನು ಮಾತ್ರ. ಯಾರಾದರೂ ಹಾಡು ಕೇಳುತ್ತಿರುವಾಗ ಅವರ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಬರುವ ಹಾಗೆ ನಾನು ಮಾಡಿಟ್ಟಿದ್ದೆ. ಆ ಚುಕ್ಕೆ ನೋಡಿಕೊಂಡು ಅಪ್ಪ ಖಾರ್‌ಘರ್‌ನ ದಿನಚರಿ ಹೇಳುತ್ತಿದ್ದರು. "ಅವಳದ್ದು ಸ್ನಾನ ಆಯ್ತು." "ಮಗು ಮಲಗಿತು ಕಾಣ್ತದೆ, ಭಾವಗೀತೆ ಹಾಕಿದ್ದಾಳೆ." "ಹಾಡು ಅರ್ಧಕ್ಕೆ ನಿಂತಿತು, ಎದ್ದಿತು ಆ ಮಾಣಿ." ಸಂಜೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು ನಿಜ. ಆದರೆ ಆ ಮಾತು ಬಿ.ಪಿ. ಮಾತ್ರೆ ತಗೊಂಡ್ರಾ, ಮಗುವಿಗೆ ಹೊಟ್ಟೆ ಸರಿಯಾಯಿತಾ ಎಂಬಲ್ಲಿಗೆ ಮುಗಿಯುತ್ತಿತ್ತು. ಅಮ್ಮ ಯಾವ ಹೊತ್ತಿಗೆ ಆರಾಮಾಗಿದ್ದಾಳೆ ಎಂಬುದು ಅಪ್ಪನಿಗೆ ತಿಳಿಯುತ್ತಿದ್ದದ್ದು ಈ ಚುಕ್ಕೆಯಿಂದ. ಕೆಲವೊಮ್ಮೆ ಅಮ್ಮ ಹಾಕಿದ ಹಾಡನ್ನೇ ತಾವೂ ಹಾಕಿಕೊಂಡು ಕೂರುತ್ತಿದ್ದರು. ಯಕ್ಷಗಾನ ಬಿಟ್ಟು ಬೇರೇನನ್ನೂ ಕೇಳದವರು ನಮ್ಮ ಹಾಲ್‌ನಲ್ಲಿ ಕೂತು ಅಭಂಗಕ್ಕೆ ತೊಡೆ ತಟ್ಟುತ್ತಿದ್ದರು.

ಹೀಗಿರುವಾಗ ಅಮ್ಮನ ಸಾಲಿನಲ್ಲಿ ಒಂದು ಹೊಸ ಹಾಡು ಕಾಣಿಸಿಕೊಂಡಿತು. ಹಳೆಯ ಹಿಂದಿ ಸಿನಿಮಾದ ಕ್ಲಬ್ ಡ್ಯಾನ್ಸಿನ ಹಾಡು. ಗ್ಲಾಸುಗಳ ಸದ್ದು, ನಗು, ಟ್ರಂಪೆಟ್ಟು ಎಲ್ಲ ಇರುವಂಥದ್ದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎರಡು ಸಲ, ಸಂಜೆ ಮತ್ತೆ. ಅಮ್ಮನೆಂದರೆ ಕಲ್ಯಾಣ್‌ನ ಭಜನಾ ಮಂಡಳಿಯಲ್ಲಿ ತಾಳ ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು. ವಾರದ ಕೊನೆಗೆ ಆ ಹಾಡು ಇಡೀ ಮನೆಯ ಪಟ್ಟಿಯಲ್ಲೇ ಮೇಲೆ ಬಂತು.

ಆ ಸಂಜೆ ನಾವೆಲ್ಲ ಊಟಕ್ಕೆ ಕೂತಿದ್ದಾಗ ಅಮ್ಮನ ಫೋನು ಬಂತು. ಅಪ್ಪ ಸ್ಪೀಕರಿಗೆ ಹಾಕಿದರು.

"ಎಂತ ಮಾರಾಯ್ತಿ, ಅಲ್ಲಿ ಕ್ಲಬ್ಬು ಗಿಬ್ಬು ಓಪನ್ ಮಾಡಿದ್ದಿಯಾ?"

"ಎಂತ?" ಅಂದಳು ಅಮ್ಮ.

"ಬೆಳಿಗ್ಗೆಯಿಂದ ರಾತ್ರಿವರೆಗೆ ಅದೇ ಡ್ಯಾನ್ಸಿನ ಹಾಡು. ನಮ್ಗೆ ಎಲ್ಲ ಕಾಣ್ತದೆ ಇಲ್ಲಿ."

ಎಲ್ಲರೂ ನಕ್ಕೆವು. ಮಗಳು ತಟ್ಟೆ ಬಡಿದು "ಅಜ್ಜಿ ರಾಕ್ಸ್" ಅಂದಳು. ಗಂಡನೂ ಸೇರಿಕೊಂಡರು: "ಅತ್ತಿಯವರ, ಭಜನಿ ಬಿಟ್ಟು ಈ ಕಡೆ ಯಾವಾಗ ಬಂದ್ರಿ?"

"ಮಗು ಎದ್ದಿತು, ಇಡ್ತೇನೆ," ಎಂದಳು ಅಮ್ಮ. ಮಗುವಿನ ಅಳು ನಮಗೇನೂ ಕೇಳಿಸಿರಲಿಲ್ಲ.

ಮರುದಿನ ಅಮ್ಮನ ಸಾಲಿನಲ್ಲಿ ಚುಕ್ಕೆ ಇಲ್ಲ. ಅಪ್ಪ ಟ್ಯಾಬನ್ನು ಎತ್ತಿ ಅಲುಗಾಡಿಸಿ ನೋಡಿದರು. ನಾನು ಆಫೀಸಿನಲ್ಲಿದ್ದಾಗ ಫೋನು ಮಾಡಿ, "ನಿನ್ನ ಮಿಷನ್ ಹಾಳಾಗಿದೆ," ಎಂದರು. ಹಾಳಾಗಿರಲಿಲ್ಲ, ಮಗಳ ಹಾಡುಗಳು ಎಂದಿನಂತೆ ಬರುತ್ತಿದ್ದವು. ಅದರ ಮರುದಿನವೂ ಅಮ್ಮನದು ಖಾಲಿ. ಸಂಜೆಯ ಫೋನಿನಲ್ಲಿ ಅಮ್ಮ ಮಗುವಿನ ಶೀತದ ಬಗ್ಗೆ ಹೇಳಿದಳು, ಮಾತ್ರೆಯ ಬಗ್ಗೆ ಕೇಳಿದಳು, ಇಟ್ಟಳು. ಹಾಡಿನ ವಿಷಯ ಅಪ್ಪನೂ ಎತ್ತಲಿಲ್ಲ. ಎತ್ತಲು ಅವರಿಗೆ ಧೈರ್ಯ ಬರುತ್ತಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು.

ಅವರ ಯಕ್ಷಗಾನವೂ ನಿಂತಿತು. ಮಧ್ಯಾಹ್ನ ಸುಮ್ಮನೆ ಮಲಗುತ್ತಿದ್ದರು, ನಿದ್ದೆ ಮಾಡುತ್ತಿರಲಿಲ್ಲ. ಪಟ್ಟಿಯಲ್ಲಿ ಮಗಳು ಎದುರಾಳಿಯೇ ಇಲ್ಲದೆ ಮೊದಲಾದಳು, ಅವಳಿಗೂ ಅದು ಬೇಸರ ತಂದಿತು. "ಅಜ್ಜಾ, ಆಪ್ ಭೀ ಕುಛ್ ಲಗಾವೋ ನಾ," ಎಂದು ತಾನೇ ಅವರ ಫೋನು ತಂದು ಕೈಗೆ ಕೊಟ್ಟಳು. ಅಪ್ಪ ಅದನ್ನು ಪಕ್ಕಕ್ಕಿಟ್ಟರು.

ಶನಿವಾರ ಬೆಳಿಗ್ಗೆ ನೋಡಿದರೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದಾರೆ. "ಖಾರ್‌ಘರ್‌ಗೆ ಹೋಗಿ ಬರುವ. ಮಗುವನ್ನು ನೋಡದೆ ಸುಮಾರು ದಿನ ಆಯ್ತು."

ನಾವಿಬ್ಬರೇ ಹೊರಟೆವು. ಠಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿಯಬೇಕು. ಅಷ್ಟರಲ್ಲಿ ಅಪ್ಪ, ಸ್ಟೇಷನ್ ಹೊರಗೆ ತಮ್ಮ ಪರಿಚಯದವರ ಹೋಟೆಲಿದೆ, ಅಲ್ಲಿಗೆ ಹೋಗಿಯೇ ಹೋಗುವುದು ಎಂದು ಹಟ ಹಿಡಿದರು. ಮೊಣಕಾಲು ಹಿಡಿದುಕೊಂಡು ಸೇತುವೆ ಹತ್ತಿ ಇಳಿದು, ಅಲ್ಲಿಂದ ಒಂದು ಪೊಟ್ಟಣ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಬಂದರು. ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡರು. ಸಮುದ್ರದ ಹಿನ್ನೀರಿನ ಖಾಡಿ ದಾಟಿ ಐರೋಲಿ ಬಂದಾಗ, "ಇಲ್ಲೇ ನನ್ನ ಆಫೀಸು," ಅಂದೆ. "ಹ್ಞೂಂ," ಅಂದರು, ಹೊರಗೆ ನೋಡಲಿಲ್ಲ.

ಸುಮಾರು ಹೊತ್ತಿನ ಮೇಲೆ ಕೇಳಿದರು: "ಅವಳಿಗೆ ಬೇಜಾರಾಗಿದ್ದಾ?"

"ಗೊತ್ತಿಲ್ಲಪ್ಪ. ಕೇಳುವ."

"ನೀನು ಕೇಳು. ನಾನು ಮಗುವನ್ನು ಹಿಡ್ಕೊಳ್ತೇನೆ."

ಹಾಗೆಯೇ ಆಯಿತು. ಬಾಗಿಲು ತೆರೆದ ಅಮ್ಮ ಅಪ್ಪನ ಮುಖ ನೋಡಿ, ಕಾಲು ನೋಡಿ, "ಹೇಳದೆ ಬಂದ್ರಲ್ಲ," ಅಂದಳು. ತಮ್ಮ ಮತ್ತು ಅವನ ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದರು. ಅಪ್ಪ ಮೊಮ್ಮಗನನ್ನು ಎತ್ತಿಕೊಂಡು ಬಾಲ್ಕನಿಗೆ ಹೋದರು. ನಾನು ಅಮ್ಮನ ಹಿಂದೆ ಅಡುಗೆಮನೆಗೆ ಹೋದೆ.

"ಅಮ್ಮ, ನಿನ್ನ ಫೋನಿನಿಂದ ಹಾಡಿನ ಲೆಕ್ಕ ಬರ್ತಾ ಇಲ್ಲ."

"ಬರೂದಿಲ್ಲ. ನಾನೇ ತೆಗೆಸಿದ್ದು, ಸೊಸೆ ಹತ್ರ ಹೇಳಿ." ಅವಳು ಚಹಾಕ್ಕೆ ನೀರಿಟ್ಟಳು.

"ಯಾಕೆ?"

"ಯಾಕೆಂದ್ರೆ? ನಾನಿಲ್ಲಿ ಸಿಂಕಿನ ಹತ್ರ ನಿಂತು ಎಂತ ಕೇಳ್ತೇನೆ ಅಂತ ಡೊಂಬಿವಲಿಯಲ್ಲಿ ಊಟಕ್ಕೆ ಕೂತವರಿಗೆಲ್ಲ ಯಾಕೆ ಗೊತ್ತಾಗ್ಬೇಕು? ಅಳಿಯ ಬೇರೆ ಇದ್ರು."

ಹೊರಗಿನವರ ಕಣ್ಣಿಗೆ ಬೀಳಬಾರದೆಂದು ಮನೆಯಲ್ಲೇ ಯಂತ್ರ ಇಟ್ಟುಕೊಂಡವಳು ನಾನು. ಒಳಗಿನವರ ಕಣ್ಣಿನ ವಿಷಯ ನನಗೆ ಹೊಳೆದೇ ಇರಲಿಲ್ಲ. "ಮತ್ತೆ, ಆ ಹಾಡು?" ಎಂದೆ.

"ಆ ಹಾಡಿಗೆ ಎಂತಾಗಿದೆ? ಚಂದ ಉಂಟು. ಪಾತ್ರೆ ತೊಳೆಯುವಾಗ ಹಾಕಿದ್ರೆ ಕೈ ಬೇಗ ಬೇಗ ಹೋಗ್ತದೆ. ಭಜನೆ ಹಾಕಿದ್ರೆ ಒಂದು ಬಾಣಲೆಗೇ ಅರ್ಧ ಗಂಟೆ."

ಅಷ್ಟೇ. ಇದರ ಹಿಂದೆ ಏನೋ 'ಕತೆ' ಇರಬಹುದೆಂದು ಕಾದು ನಿಂತಿದ್ದೆ. ಏನೂ ಇರಲಿಲ್ಲ, ಅಮ್ಮನಿಗೆ ಹಾಡು ಇಷ್ಟವಾಗಿತ್ತು.

ಅಪ್ಪ ಬಾಗಿಲಲ್ಲಿ ಬಂದು ನಿಂತಿದ್ದರು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಗೋಳಿಬಜೆಯ ಪೊಟ್ಟಣ.

"ನಾನು ತಮಾಷೆಗೆ ಹೇಳಿದ್ದು," ಅಂದರು.

"ಗೊತ್ತುಂಟು."

"ಮತ್ತೆ?"

"ತಮಾಷೆ ನನ್ನ ಹತ್ರ ಮಾಡಿ. ಮೈಕ್ ಹಾಕಿ ಮಾಡ್ಬೇಡಿ."

ಅಪ್ಪ ತಲೆ ಆಡಿಸಿದರು. ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟರು. ಆಮೇಲೆ ಅಮ್ಮನನ್ನು ನೋಡದೆ, ಮಗುವಿನ ಟೊಪ್ಪಿ ಸರಿಮಾಡುತ್ತ ಹೇಳಿದರು: "ನಿನ್ನದು ಬರ್ತಾ ಇದ್ರೆ ನೀನು ಎದ್ದದ್ದು, ಕೂತದ್ದು ಗೊತ್ತಾಗ್ತಿತ್ತು. ಈಗ ಬೆಳಿಗ್ಗೆ ಹೊತ್ತೇ ಹೋಗೂದಿಲ್ಲ."

ಅಪ್ಪ ಅಂಥ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಮ್ಮನೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವಳು ಗ್ಯಾಸ್ ಆರಿಸಿ, ಒರೆಸಿ, ಮೂರು ಲೋಟಕ್ಕೆ ಸೋಸಿದಳು. ಪೊಟ್ಟಣ ಬಿಚ್ಚಿ ಒಂದು ಗೋಳಿಬಜೆ ಮುರಿದು, "ಮೆತ್ತಗಾಗಿದೆ," ಎಂದು ಬಾಯಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇವರೊಬ್ರಿಗೇ ಕಾಣುವ ಹಾಗೆ ಮಾಡ್ಲಿಕ್ಕೆ ಆಗ್ತದಾ?"

"ಆಗ್ತದೆ."

"ಬೇರೆ ಯಾರಿಗೂ ಕಾಣಬಾರ್ದು. ನಿನಗೂ."

"ಮಿಷನ್ ನನ್ನದೇ ಅಲ್ವಾ ಅಮ್ಮ. ನಾನು ನೋಡ್ಬೇಕಂದ್ರೆ ನೋಡಬಹುದು."

"ನೋಡ್ಬೇಡ," ಅಂದಳು.

"ಸರಿ," ಅಂದೆ.

ಇಂಥದ್ದಕ್ಕಾಗಿ ನಮ್ಮ ಆಫೀಸಿನಲ್ಲಿ ಪುಟಗಟ್ಟಲೆ ನಿಯಮಗಳಿದ್ದವು, ವರ್ಷಕ್ಕೊಮ್ಮೆ ಅದರ ಮೇಲೆ ಪರೀಕ್ಷೆಯೂ ಇತ್ತು. ಅಮ್ಮನದು ಒಂದೇ ಶಬ್ದ. ಅದನ್ನು ಪಾಲಿಸಿದ್ದೇನೆ.

ಹೇಳುವುದು ಸುಲಭ, ಮಾಡುವುದು ಸುಲಭವಿರಲಿಲ್ಲ. ಎಲ್ಲರದ್ದೂ ಒಂದೇ ಪಟ್ಟಿಯಲ್ಲಿ ಬೀಳುವ ಹಾಗೆ ನಾನೇ ಕಟ್ಟಿದ್ದೆ. ಈಗ ಪ್ರತಿಯೊಬ್ಬರಿಗೂ ಬೇರೆ ಖಾತೆ, ಬೇರೆ ಪಾಸ್‌ವರ್ಡು, ತನ್ನದು ಯಾರಿಗೆ ಕಾಣಬೇಕೆಂದು ಆರಿಸಿಕೊಳ್ಳುವ ಸೌಕರ್ಯ, ಎಲ್ಲವನ್ನೂ ಹೊಸದಾಗಿ ಬರೆಯಬೇಕಾಯಿತು. ಎರಡು ಭಾನುವಾರ ಹಿಡಿಯಿತು. ಕೆಲಸ ಮುಗಿಯುವ ಹೊತ್ತಿಗೆ ಮಗಳು ಬಂದು ಬೆನ್ನ ಹಿಂದೆ ನಿಂತಳು.

"ಮಮ್ಮಿ, ಮೇರಾ ಭೀ ಪ್ರೈವೇಟ್ ಕರ್ ದೋ."

"ನಿಂದೂ? ಯಾರಿಗೆ ಕಾಣಬಾರದು?"

"ಆಪ್‌ಕೋ," ಅಂದಳು, ಯಾವ ಮುಲಾಜೂ ಇಲ್ಲದೆ. ನನಗೆ ಕಾಣಬಾರದು, ಅಜ್ಜನಿಗೆ ಕಾಣಬಹುದಂತೆ, ಅವರೊಂದಿಗೆ ಸ್ಪರ್ಧೆ ಇದೆಯಲ್ಲ. ಅವಳದ್ದನ್ನೂ ಮುಚ್ಚಿಕೊಟ್ಟೆ. ಗಂಡನನ್ನು ಕೇಳಿದರೆ, "ನಂದೇನು ಮುಚ್ಚಿಡೂದೈತಿ? ಎಲ್ಲಾರೂ ನೋಡ್ರಿ," ಎಂದು ದೊಡ್ಡ ಮನಸ್ಸು ಮಾಡಿದರು. ಅವರದನ್ನು ಯಾರೂ ನೋಡಲಿಲ್ಲ.

ಟ್ಯಾಬ್ ಶೋಕೇಸಿನಿಂದ ಅಪ್ಪನ ದಿವಾನಿನ ಪಕ್ಕದ ಸ್ಟೂಲಿಗೆ ಹೋಯಿತು. ಅಮ್ಮ ಏನು ಕೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಒಂದೊಂದು ಸಲ ಬೆಳಿಗ್ಗೆ ನಾನು ಡಬ್ಬಿ ಕಟ್ಟುತ್ತಿರುವಾಗ ಅಪ್ಪ ಟ್ಯಾಬ್ ನೋಡಿ ತಮ್ಮಷ್ಟಕ್ಕೇ ನಗುತ್ತಿದ್ದರು. "ಎಂತಪ್ಪ?" ಎಂದು ಕೇಳಿದರೆ, "ಎಂತ ಇಲ್ಲ, ನೀನು ಗಾಡಿಗೆ ಹೋಗು," ಎಂದು ಪರದೆಯನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದರು. ಮಧ್ಯಾಹ್ನದ ಯಕ್ಷಗಾನ ಮತ್ತೆ ಶುರುವಾಯಿತು, ಗೊರಕೆಯೂ.

ಮಗುವನ್ನು ಪ್ಲೇಸ್ಕೂಲಿಗೆ ಸೇರಿಸಿದ ಮೇಲೆ ತಮ್ಮನ ಮನೆಯ ಹತ್ತಿರವೇ, ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಒಂದು ಒಳ್ಳೆಯ ಪಾಳಣಾಘರ್ ಸಿಕ್ಕಿತು. ಅಪ್ಪ ಅಮ್ಮ ಇಬ್ಬರೂ ಕಲ್ಯಾಣ್‌ಗೆ, ತಮ್ಮ ಹಳೆಯ ಮನೆಗೆ ವಾಪಸಾದರು. ಅಲ್ಲಿಯೂ ಹಾಡಿನ ಲೆಕ್ಕ ಮುಂದುವರಿಯಲಿ ಎಂದು ನಾನು ಒಂದು ಸ್ಪೀಕರು, ಅದಕ್ಕೆ ಬೇಕಾದ ಸಾಮಾನು ಎಲ್ಲ ಹಿಡಿದುಕೊಂಡು ಒಂದು ಭಾನುವಾರ ಹೋದೆ. ಹೋಗಿ ನೋಡಿದರೆ ಮೇಜಿನ ಮೇಲೆ ಹೊಸದೊಂದು ಪೆಟ್ಟಿಗೆ ಹಾಡುತ್ತಿದೆ. ನೋಡಲು ಹಳೆಯ ರೇಡಿಯೊದ ಹಾಗೆ, ಒಳಗೆ ಮೊದಲೇ ಹಾಡು ತುಂಬಿಕೊಂಡು ಬರುವಂಥದ್ದು. ತಮ್ಮ ತಂದುಕೊಟ್ಟನಂತೆ.

"ಇದಕ್ಕೆ ನಿನ್ನ ಮಿಷನಿನ ಕನೆಕ್ಷನ್ ಕೊಡ್ಲಿಕ್ಕೆ ಆಗ್ತದಾ?" ಅಪ್ಪ ಕೇಳಿದರು.

ತಿರುಗಿಸಿ, ಮಗುಚಿ ನೋಡಿದೆ. ಇಂಟರ್ನೆಟ್ಟು ಹೋಗಲಿ, ಪರದೆ ಕೂಡ ಇರಲಿಲ್ಲ. "ಇಲ್ಲಪ್ಪ. ಇದ್ರಲ್ಲಿ ಯಾರು ಏನು ಕೇಳಿದ್ರು ಅಂತ ಗೊತ್ತಾಗೂದಿಲ್ಲ."

"ಗೊತ್ತಾಗಿ ಎಂತ ಆಗ್ಬೇಕು? ಇಬ್ರೂ ಇಲ್ಲೇ ಇದ್ದೇವಲ್ಲ," ಅಂದಳು ಅಮ್ಮ.

ಅಪ್ಪ ಹಾಡು ಬದಲಿಸಲು ಗುಂಡಿ ಒತ್ತಿದರು. ಅಮ್ಮ ಕೈ ಚಾಚಿ ಇನ್ನೊಂದು ಗುಂಡಿ ಒತ್ತಿ ಮೊದಲಿನ ಹಾಡನ್ನೇ ವಾಪಸು ತಂದಳು. ನಾನು ತಂದ ಸ್ಪೀಕರನ್ನು ಚೀಲದಿಂದ ತೆಗೆಯಲೇ ಇಲ್ಲ. ಊಟ ಮಾಡಿ, ಸ್ವಲ್ಪ ಮಲಗಿ, ಸಂಜೆಯ ಗಾಡಿಗೆ ಡೊಂಬಿವಲಿಗೆ ಹೊರಟೆ.